ಮಾತ್ರೆ ಬಂದು 11 ದಿನ, ಇನ್ನೂ ನುಂಗಿಲ್ಲ: ರುಮಟಾಯ್ಡ್ ಸಂಧಿವಾತಕ್ಕೆ ಯಾವ ಚಿಕಿತ್ಸೆ?

ಕಸೂತಿ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಕಸೂತಿ ಹಾಕುವುದೇ ಜೀವನೋಪಾಯ. ಏಳು ತಿಂಗಳಿನಿಂದ ಬೆಳಗ್ಗೆ ಏಳುವಾಗ ಎರಡೂ ಕೈಗಳ ಬೆರಳು ಮಡಚಲು ಬರುವುದಿಲ್ಲ, ರಾತ್ರಿ ಯಾರೋ ಗೆಣ್ಣುಗಳೊಳಗೆ ಅಂಟು ಸುರಿದು ಹೋದ ಹಾಗೆ. ಬಿಗಿತ ಬಿಡಲು ಒಂದೂವರೆ ಗಂಟೆ ಬೇಕು. ಅಲ್ಲಿಯವರೆಗೆ ಅಂಗಿಯ ಗುಂಡಿ ಹಾಕಲಾಗದು, ಪೇಸ್ಟಿನ ಮುಚ್ಚಳ ತಿರುಗಿಸಲಾಗದು. ಸೂಜಿಗೆ ದಾರ ಪೋಣಿಸುವುದು ಕಣ್ಣಿನ ಕೆಲಸವೆಂದು ಇಷ್ಟು ವರ್ಷ ತಿಳಿದಿದ್ದೆ. ಅದು ಹೆಬ್ಬೆರಳಿನ ಕೆಲಸ ಎಂದು ಈಗ ಗೊತ್ತಾಯಿತು.

ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಎರಡು ಪ್ರತಿಕಾಯಗಳು, ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ, ಎರಡೂ ಪಾಸಿಟಿವ್ ಬಂದಿವೆ. ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ 24. ಕೀಲುರೋಗ ತಜ್ಞರು (ರುಮಟಾಲಜಿಸ್ಟ್) ವಾರಕ್ಕೆ 15 ಮಿಲಿಗ್ರಾಂ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್ ಮತ್ತು ಕೆಲವು ವಾರಗಳ ಮಟ್ಟಿಗೆ ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಬರೆದುಕೊಟ್ಟಿದ್ದಾರೆ. ಪೊಟ್ಟಣದೊಳಗಿನ ಕಾಗದ ಬಿಡಿಸಿ ಓದಿದೆ. ಮೊದಲ ಸಾಲುಗಳಲ್ಲೇ ಕ್ಯಾನ್ಸರ್ ಎಂಬ ಪದ ಕಂಡಿತು. ಕಾಗದವನ್ನು ಮಡಚಿ ಒಳಗಿಟ್ಟು ಮೇಜಿನ ಡ್ರಾಯರ್ ಮುಚ್ಚಿದವಳು 11 ದಿನವಾದರೂ ತೆರೆದಿಲ್ಲ. ನೋವಿನ ಮಾತ್ರೆಯಲ್ಲೇ ದಿನ ದೂಡುತ್ತಿದ್ದೇನೆ. ಇದಕ್ಕಿಂತ ಸೌಮ್ಯವಾದ ದಾರಿ ಇಲ್ಲವೇ? ಅನುಭವ ಇದ್ದವರು ಹೇಳಿ.

ಹಳೇಕೀಲು

ಅಕ್ಕಾ, ನನ್ನ ಹೆಸರೇ ಹೇಳುತ್ತದೆ, 16 ವರ್ಷದ ಹಳೆಯ ಗಿರಾಕಿ ನಾನು. ನೀವು ಈಗ ಮಾಡುತ್ತಿರುವುದನ್ನೇ ನಾನು ಮೊದಲ ಎರಡು ವರ್ಷ ಮಾಡಿದೆ. ನೋವಿನ ಮಾತ್ರೆ ನುಂಗುವುದು, ನೋವು ತಗ್ಗಿದರೆ ಗುಣವಾಯಿತೆಂದು ಭ್ರಮಿಸುವುದು. ನಡುವೆ ಒಬ್ಬರು ಕೊಟ್ಟ ಪುಡಿ ಪವಾಡ ಮಾಡಿತು. ಮೂರೇ ದಿನದಲ್ಲಿ ಮೆಟ್ಟಿಲು ಹತ್ತಿದೆ. ಆರು ತಿಂಗಳಲ್ಲಿ ಮುಖ ಚಂದ್ರನಂತೆ ಗುಂಡಗಾಯಿತು, ಸಕ್ಕರೆ ಕಾಯಿಲೆ ತಲೆಯೆತ್ತಿತು. ಪುಡಿಯಲ್ಲಿದ್ದದ್ದು ಸ್ಟಿರಾಯ್ಡ್ ಎಂದು ವೈದ್ಯರು ಹೇಳುವ ಹೊತ್ತಿಗೆ ಬಲಗೈಯ ಎರಡು ಬೆರಳು ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಈಗಲೂ ಹಾಗೇ ಇವೆ. ಅವನ್ನು ಯಾವ ಔಷಧಿಯೂ ನೆಟ್ಟಗೆ ಮಾಡುವುದಿಲ್ಲ.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಕಾಯಿಲೆಯಲ್ಲಿ ನೋವು ಒಂದು ಲೆಕ್ಕ, ಸವೆತ ಇನ್ನೊಂದು ಲೆಕ್ಕ. ಕೀಲಿನ ಒಳಪದರ ಊದಿಕೊಂಡು, ದಪ್ಪವಾಗಿ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಮೇಯುತ್ತದೆ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಮೊದಲಾದವು ನೋವನ್ನು ಮಾತ್ರ ಮುಟ್ಟುತ್ತವೆ, ಆ ಮೇಯುವಿಕೆಯನ್ನು ತಡೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಮೂಗು ಮುಚ್ಚಿಕೊಂಡು ಹೊಗೆಯ ವಾಸನೆ ಇಲ್ಲ ಎಂದ ಹಾಗೆ. ನಿಮ್ಮ ಆಂಟಿ ಸಿಸಿಪಿ ಪಾಸಿಟಿವ್ ಬೇರೆ. ಅಂಥವರಲ್ಲಿ ಮೂಳೆ ಸವೆಯುವ ಸಂಭವ ಹೆಚ್ಚು. 11 ದಿನ ದೊಡ್ಡ ವಿಷಯವಲ್ಲ. 11 ತಿಂಗಳಾಗದಿರಲಿ.

ಔಷಧದಂಗಡಿ

ಔಷಧಾಲಯದಲ್ಲಿ ಕೆಲಸ ಮಾಡುವವನು ನಾನು, ವೈದ್ಯನಲ್ಲ. ಆ ಕಾಗದ ಓದಿ ಹೆದರಿ ಬರುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೆ ಬಳಸುವ ಔಷಧಿ ನಿಜ. ಕೆಲವು ಕ್ಯಾನ್ಸರ್‌ಗಳಲ್ಲಿ ಅದನ್ನು ಒಂದೇ ಸಲಕ್ಕೆ ಗ್ರಾಂಗಳ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೀಲಿನ ಕಾಯಿಲೆಗೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಪ್ರಮಾಣದಲ್ಲಿ ಅದು ಕೋಶಗಳನ್ನು ಕೊಲ್ಲುವ ಔಷಧಿಯಾಗಿ ಅಲ್ಲ, ಉರಿಯೂತವನ್ನು ತಗ್ಗಿಸುವ ಔಷಧಿಯಾಗಿ ಕೆಲಸ ಮಾಡುತ್ತದೆ. ಹೆಸರು ಒಂದೇ, ಉದ್ಯೋಗ ಬೇರೆ. ಅಮೆರಿಕದಲ್ಲಿ ಈ ಕಾಯಿಲೆಗೆ ಅದಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. ಇಂದಿಗೂ ಜಗತ್ತಿನ ಬಹುತೇಕ ಮಾರ್ಗಸೂಚಿಗಳು ಮೊದಲು ಹೆಸರಿಸುವುದು ಅದನ್ನೇ.

ಹೆದರಬೇಕಾದದ್ದು ಕ್ಯಾನ್ಸರ್ ಎಂಬ ಪದಕ್ಕಲ್ಲ, ದಿನಕ್ಕೊಂದು ಎಂಬ ಅಭ್ಯಾಸಕ್ಕೆ. ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಉಳಿದೆಲ್ಲ ಮಾತ್ರೆಗಳನ್ನು ದಿನವೂ ನುಂಗುವ ಕೈ ಇದನ್ನೂ ದಿನವೂ ಬಾಯಿಗೆ ಹಾಕಿಬಿಡುತ್ತದೆ. ಹಾಗೆ ಮಾಡಿ ರಕ್ತಕಣಗಳು ಕುಸಿದು ಪ್ರಾಣ ಬಿಟ್ಟವರಿದ್ದಾರೆ. ಚೀಟಿಯ ಮೇಲೆ ವಾರದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ. ಫೋಲಿಕ್ ಆಸಿಡ್ ಡಬ್ಬಿಯನ್ನು ಇದರ ಪಕ್ಕದಲ್ಲಿ ಇಡಬೇಡಿ. ಎರಡೂ ಹಳದಿ ಬಣ್ಣದ ಪುಟ್ಟ ಮಾತ್ರೆಗಳಾಗಿರುವುದುಂಟು.

ಇನ್ನೊಂದು: ಮೂತ್ರದ ಸೋಂಕು ಎಂದು ಬೇರೆ ವೈದ್ಯರ ಬಳಿ ಹೋದಾಗ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಿ. ಟ್ರೈಮೆಥೊಪ್ರಿಮ್ ಎಂಬ ಆಂಟಿಬಯೋಟಿಕ್ ಅಥವಾ ಅದು ಸೇರಿರುವ ಕೋ-ಟ್ರೈಮಾಕ್ಸಜೋಲ್ ಇದರ ಜೊತೆ ಸೇರಿದರೆ ರಕ್ತಕಣ ತಯಾರಿಸುವ ಮೂಳೆಮಜ್ಜೆಗೆ ಅಪಾಯ. ಮದ್ಯ ಸೇವಿಸುವವರು ಎಷ್ಟು ಎಂಬುದನ್ನು ವೈದ್ಯರಿಗೆ ನಿಜವಾಗಿ ಹೇಳಬೇಕು, ಲಿವರ್‌ನ ಪ್ರಶ್ನೆ ಅದು.

ಪ್ರಶ್ನೆಗಾರ

ಎಲ್ಲರೂ ಸೇರಿ ಒಂದೇ ರಾಗ ಹಾಡುತ್ತಿದ್ದೀರಿ. ಲಿವರ್‌ಗೆ ತೊಂದರೆ, ಶ್ವಾಸಕೋಶಕ್ಕೆ ತೊಂದರೆ, ರಕ್ತಕಣಕ್ಕೆ ತೊಂದರೆ. ಇಷ್ಟೆಲ್ಲ ಇರುವ ಔಷಧಿಯನ್ನು ಮೊದಲ ಮೆಟ್ಟಿಲಲ್ಲೇ ಏಕೆ ಕೊಡಬೇಕು? ಆಹಾರ ಬದಲಿಸಿ, ಮೂಲಿಕೆ ನೋಡಿ, ಆಗದಿದ್ದರೆ ಇದಕ್ಕೆ ಬರಬಹುದಲ್ಲ? ನನ್ನ ಪರಿಚಯದವರೊಬ್ಬರು ಏನೂ ತೆಗೆದುಕೊಳ್ಳದೆ ಆರಾಮಾಗಿದ್ದಾರೆ.

ಬುಧವಾರ

ಪ್ರಶ್ನೆ ತಪ್ಪಲ್ಲ, ಆದರೆ ಔಷಧಿಯ ತೊಂದರೆಗಳ ಪಟ್ಟಿ ಮಾಡಿದ ಹಾಗೆ ಕಾಯಿಲೆಯ ತೊಂದರೆಗಳ ಪಟ್ಟಿಯನ್ನೂ ಮಾಡಬೇಕಲ್ಲವೇ? ಹತೋಟಿ ಇಲ್ಲದ ಉರಿಯೂತ ಕೀಲಿಗೆ ಮಾತ್ರ ಸೀಮಿತವಲ್ಲ. ಶ್ವಾಸಕೋಶಕ್ಕೂ ಕಣ್ಣಿಗೂ ಹಬ್ಬಬಲ್ಲದು, ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತದೆ.

ಕಸೂತಿ ಅವರೇ, ನಾನು ಆರು ವರ್ಷದ ಹಿಂದೆ ಬುಧವಾರ ರಾತ್ರಿ ನುಂಗಲು ಶುರು ಮಾಡಿದೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲ ಎರಡು ತಿಂಗಳು ಗುರುವಾರ ಎಂದರೆ ವಾಕರಿಕೆಯ ದಿನ. ಬೆಳಗ್ಗೆ ಹಲ್ಲುಜ್ಜುವಾಗಲೇ ಹೊಟ್ಟೆ ತೊಳಸುತ್ತಿತ್ತು. ಡಬ್ಬಿಯ ಹಳದಿ ಬಣ್ಣ ಕಂಡರೇ ಬಾಯಲ್ಲಿ ನೀರೂರಿ ಓಕರಿಕೆ ಬರುವ ಹಂತ ತಲುಪಿದೆ. ಒಮ್ಮೆ ನಾಲಿಗೆಯ ಅಂಚಿನಲ್ಲಿ ಹುಣ್ಣು. ಕೂದಲು ಸ್ವಲ್ಪ ತೆಳುವಾಯಿತು. ವೈದ್ಯರಿಗೆ ಹೇಳಿದೆ. ಫೋಲಿಕ್ ಆಸಿಡ್ ಹೆಚ್ಚಿಸಿದರು, ಮಾತ್ರೆ ಬಿಡಿಸಿ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗೆ ಬದಲಿಸಿದರು. ಗುರುವಾರಗಳು ನನಗೆ ಮರಳಿ ಸಿಕ್ಕವು. 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲವಂತೆ. ಇಂಜೆಕ್ಷನ್ ಪೂರ್ತಿ ಒಳಗೆ ಹೋಗುತ್ತದೆ.

ಒಳ್ಳೆಯದು ಯಾವಾಗ ಕಾಣಿಸಿತು ಎಂದರೆ ಹತ್ತನೆಯ ವಾರ. ಅಲ್ಲಿಯವರೆಗೆ ಏನೂ ಆಗುತ್ತಿಲ್ಲ ಎಂದು ಬೈದುಕೊಳ್ಳುತ್ತಲೇ ನುಂಗಿದೆ. ಆರರಿಂದ ಹನ್ನೆರಡು ವಾರ ಹಿಡಿಯುವುದು ಸಹಜ. ನಿಮಗೆ ಬರೆದಿರುವ ಪ್ರೆಡ್ನಿಸೊಲೋನ್ ಈ ನಡುವಿನ ಕಂದಕಕ್ಕೆ ಹಾಕಿದ ಹಲಗೆ. ದಾಟಿದ ಮೇಲೆ ಹಲಗೆ ಎಳೆದುಕೊಳ್ಳುತ್ತಾರೆ, ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುವುದು ರೂಢಿ. ನೀವಾಗಿಯೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಹೊರಗಿನಿಂದ ಬರುತ್ತಿದ್ದಾಗ ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಕೆಯನ್ನು ಮರೆತಿರುತ್ತದೆ.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್. ಆದರೂ ವೈದ್ಯರು ಇದೇ ಕಾಯಿಲೆ ಎನ್ನುತ್ತಾರೆ. ಪ್ರಯೋಗಾಲಯ ತಪ್ಪೋ ವೈದ್ಯರು ತಪ್ಪೋ?

ಔಷಧದಂಗಡಿ

ಇಬ್ಬರೂ ಸರಿ ಇರಬಹುದು. ಈ ಕಾಯಿಲೆ ಇರುವ ಎಲ್ಲರಲ್ಲೂ ಆ ಫ್ಯಾಕ್ಟರ್ ಇರುವುದಿಲ್ಲ. ಫ್ಯಾಕ್ಟರ್ ಇರುವ ಎಲ್ಲರಿಗೂ ಕಾಯಿಲೆ ಇರುವುದಿಲ್ಲ. ಆರೋಗ್ಯವಂತರಲ್ಲೂ, ವಿಶೇಷವಾಗಿ ವಯಸ್ಸಾದವರಲ್ಲಿ, ಅದು ಪಾಸಿಟಿವ್ ಬರುತ್ತದೆ. ವೈದ್ಯರು ಊದಿದ ಕೀಲುಗಳನ್ನು ಎಣಿಸುತ್ತಾರೆ, ಎಷ್ಟು ವಾರದಿಂದ ಇದೆ ಎಂದು ಕೇಳುತ್ತಾರೆ, ಉರಿಯೂತ ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ ನೋಡುತ್ತಾರೆ. ಎಲ್ಲ ಸೇರಿ ತೀರ್ಮಾನ. ನಿಮ್ಮ ಬೆರಳ ತುದಿಯ ಗಂಟುಗಳು ಮಾತ್ರ ನೋಯುತ್ತಿದ್ದರೆ ಕಾಯಿಲೆ ಬೇರೆಯೇ ಇರಬಹುದು. ರುಮಟಾಯ್ಡ್ ಸಾಮಾನ್ಯವಾಗಿ ಹಿಡಿಯುವುದು ಮಣಿಕಟ್ಟು, ಬೆರಳ ಬುಡ ಮತ್ತು ನಡುಗಂಟುಗಳನ್ನು.

ಹಳೇಕೀಲು

ಪ್ರಶ್ನೆಗಾರರಿಗೆ ಉತ್ತರ ಬಾಕಿ ಇತ್ತು. ಸೌಮ್ಯ ದಾರಿಗಳನ್ನೆಲ್ಲ ಮೊದಲು ಮುಗಿಸಿ ಕೊನೆಗೆ ಗಟ್ಟಿ ಔಷಧಿ ಎಂಬುದೇ ಹಿಂದಿನ ಕಾಲದ ಪದ್ಧತಿ, ಸ್ವಾಮಿ. ಅದರ ಫಲವನ್ನು ಹಳೆಯ ಚಿತ್ರಗಳಲ್ಲಿ ನೋಡಬಹುದು. ಫ್ರಾನ್ಸಿನ ವರ್ಣಚಿತ್ರಕಾರ ರೆನ್ವಾರ್‌ಗೆ ಇದೇ ಕಾಯಿಲೆ ಇತ್ತು. 1919ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದ. ಮುಪ್ಪಿನ ಛಾಯಾಚಿತ್ರಗಳಲ್ಲಿ ಬೆರಳುಗಳು ಅಂಗೈಯೊಳಗೆ ಮಡಚಿ ಬಿದ್ದಿವೆ, ಕೈಗೆ ಬಟ್ಟೆ ಸುತ್ತಿದೆ. ಕುಂಚವನ್ನು ಕೈಗೆ ಕಟ್ಟಿಕೊಂಡಿದ್ದ ಎಂದು ಜನ ಹೇಳುವುದುಂಟು; ಆ ಬಟ್ಟೆ ಇದ್ದದ್ದು ಉಗುರು ಅಂಗೈ ಚರ್ಮಕ್ಕೆ ಊರದಿರಲಿ ಎಂದು. ಕುಂಚವನ್ನು ಇನ್ನೊಬ್ಬರು ಬೆರಳ ಸಂದಿಯಲ್ಲಿ ಇಟ್ಟುಕೊಡಬೇಕಿತ್ತು. ಆತನ ಕಾಲದಲ್ಲಿ ಕಾಯಿಲೆಯ ಓಟವನ್ನು ತಡೆಯುವ ಔಷಧಿ ಒಂದೂ ಇರಲಿಲ್ಲ.

ಆಮೇಲೆ ಚಿನ್ನದ ಲವಣದ ಚುಚ್ಚುಮದ್ದು ಬಂತು. 1929ರಲ್ಲಿ ಫ್ರಾನ್ಸಿನದೇ ಫಾರೆಸ್ಟಿಯೆ ಎಂಬ ವೈದ್ಯರು ಅದರ ಫಲ ಪ್ರಕಟಿಸಿದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ತಂಡ ಹಾಸಿಗೆ ಹಿಡಿದಿದ್ದ ಯುವತಿಗೆ ಕಾರ್ಟಿಸೋನ್ ಚುಚ್ಚಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ನೊಬೆಲ್ ಬಂತು. ಗುಣಪಡಿಸುವ ಔಷಧಿ ಸಿಕ್ಕೇಬಿಟ್ಟಿತೆಂದು ಜಗತ್ತು ಕುಣಿಯಿತು. ವರ್ಷಗಳು ಕಳೆದಂತೆ ಮೂಳೆ ಟೊಳ್ಳಾಗುವುದು, ಕಣ್ಣಿನ ಪೊರೆ, ಸಕ್ಕರೆ, ಸೋಂಕು ಎಲ್ಲ ಸಾಲುಗಟ್ಟಿದವು. ನನ್ನ ಪುಡಿಯ ಕಥೆಯೂ ಅದೇ, ಕೊಟ್ಟವರು ಹೆಸರು ಬದಲಿಸಿದ್ದರು ಅಷ್ಟೆ.

ನಿಮ್ಮ ಪರಿಚಯದವರ ವಿಷಯ. ಆರಂಭದ ಕೀಲುಬೇನೆಗಳಲ್ಲಿ ಕೆಲವು ತಾವಾಗಿಯೇ ಇಳಿದುಹೋಗುತ್ತವೆ. ಎರಡೂ ಪರೀಕ್ಷೆ ಪಾಸಿಟಿವ್ ಇದ್ದು, ಏಳು ತಿಂಗಳು ಊದಿಕೊಂಡೇ ಇರುವ ಕೈಗೆ ಆ ಭರವಸೆ ಹೇಳುವ ಧೈರ್ಯ ನನಗಿಲ್ಲ.

ಪ್ರಶ್ನೆಗಾರ

ಸರಿ, ಮೂಲಿಕೆ ಬಿಡೋಣ. ಹಾಗಾದರೆ ಜೈವಿಕ ಔಷಧಿಗಳು ಎಂದು ಕೇಳುತ್ತೇನಲ್ಲ, ಅವು ಇನ್ನೂ ಬಲವಾದವು ಎನ್ನುತ್ತಾರೆ. ಬೆಂಕಿ ಅಷ್ಟು ಜೋರಾಗಿದ್ದರೆ ಮೊದಲೇ ಅವನ್ನು ಏಕೆ ಕೊಡುವುದಿಲ್ಲ? ಹತ್ತು ನಿಮಿಷದ ಹಿಂದೆ ಹೇಳಿದ್ದಕ್ಕೆ ಇದು ಉಲ್ಟಾ ಎಂದು ನನಗೂ ಗೊತ್ತು.

ಔಷಧದಂಗಡಿ

ಉಲ್ಟಾ ಆದರೂ ಒಳ್ಳೆಯ ಪ್ರಶ್ನೆ. ಮೆಥೊಟ್ರೆಕ್ಸೇಟ್ ಒಂದರಿಂದಲೇ ಹತೋಟಿಗೆ ಬರುವವರು ಸಾಕಷ್ಟು ಮಂದಿ ಇದ್ದಾರೆ. ಬಾರದವರಿಗೆ ಎರಡು ದಾರಿ. ಒಂದು, ಅದರ ಜೊತೆಗೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿ ಮೂರು ಔಷಧಿಗಳ ಕೂಟ. ಇನ್ನೊಂದು, ಜೈವಿಕ ಔಷಧಿ, ಅಂದರೆ ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನಿನ ಇಂಜೆಕ್ಷನ್. 353 ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 48 ವಾರಗಳ ಕೊನೆಗೆ ಮೂರರ ಕೂಟ ಎಟನರ್ಸೆಪ್ಟ್ ಎಂಬ ಜೈವಿಕ ಔಷಧಿಯ ಜೊತೆಗಿನ ಮೆಥೊಟ್ರೆಕ್ಸೇಟ್‌ಗಿಂತ ಕಡಿಮೆಯೇನೂ ಆಗಲಿಲ್ಲ. ಹಳೆಯ, ಅಗ್ಗದ ಮಾತ್ರೆಗಳು. ಮೂರು ಡಬ್ಬಿ ನೋಡಿ ಜನ ಮುಖ ಸಿಂಡರಿಸುತ್ತಾರೆ ಎಂಬುದೊಂದೇ ಕಷ್ಟ. ಲೆಫ್ಲುನಮೈಡ್ ಎಂಬ ಇನ್ನೊಂದು ಮಾತ್ರೆಯೂ ಇದೆ, ಮೆಥೊಟ್ರೆಕ್ಸೇಟ್ ಒಗ್ಗದವರಿಗೆ. ಅದಕ್ಕೆ ರಕ್ತದೊತ್ತಡ ಮತ್ತು ಲಿವರ್ ಮೇಲೆ ಕಣ್ಣಿಟ್ಟಿರಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಇವುಗಳಲ್ಲೆಲ್ಲ ಸಾಧು. ಆದರೂ ವರ್ಷಗಟ್ಟಲೆ ನುಂಗಿದರೆ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಬಹುದು. ದಿನಕ್ಕೆ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ದಾಟಬಾರದು. ಮೊದಲ ವರ್ಷದೊಳಗೆ ಒಮ್ಮೆ ಕಣ್ಣು ತೋರಿಸಿ, ಐದು ವರ್ಷದ ನಂತರ ಪ್ರತಿ ವರ್ಷ.

ನೆರಳು

ಹೆಂಡತಿಗೆ ಈ ಕಾಯಿಲೆ, ನನಗೆ ಅದರ ದಫ್ತರು. ಮೂರರ ಕೂಟ ಅವಳಿಗೆ ಸಾಕಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಅಡಾಲಿಮುಮಾಬ್ ಎಂಬ ಜೈವಿಕ ಔಷಧಿಯ ಇಂಜೆಕ್ಷನ್ ಶುರುವಾಯಿತು, ಎರಡು ವಾರಕ್ಕೊಮ್ಮೆ.

ಇದರ ಹಿಂದಿನ ಕಥೆ ಚೆನ್ನಾಗಿದೆ. ಉರಿಯೂತಕ್ಕೆ ದೇಹದೊಳಗೆ ಹತ್ತಾರು ಸಂದೇಶವಾಹಕಗಳಿವೆ. ಒಂದನ್ನು ತಡೆದರೆ ಇನ್ನೊಂದು ಅದರ ಕೆಲಸ ಮಾಡುತ್ತದೆ, ಹಾಗಾಗಿ ಪ್ರಯೋಜನವಿಲ್ಲ ಎಂದೇ ಹೆಚ್ಚಿನವರು ನಂಬಿದ್ದರು. ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಟಿಎನ್‌ಎಫ್ ಎಂಬ ಒಂದನ್ನು ತಡೆದರೆ ಉಳಿದವೂ ತಗ್ಗುತ್ತವೆ ಎಂದು ತೋರಿಸಿ, 1992ರಲ್ಲಿ ರೋಗಿಗಳಿಗೆ ಕೊಟ್ಟರು. ಮನೆಯ ದೊಡ್ಡವರು ಸುಮ್ಮನಾದರೆ ಜಗಳ ತಣ್ಣಗಾಗುವ ಹಾಗೆ. 2003ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಬಂತು. ಈಗ ಟಿಎನ್‌ಎಫ್ ಬಿಟ್ಟು ಬೇರೆ ಗುರಿಗಳ ಔಷಧಿಗಳೂ ಇವೆ: ಟೋಸಿಲಿಜುಮಾಬ್, ಅಬಟಾಸೆಪ್ಟ್, ರಿಟುಕ್ಸಿಮಾಬ್. ಮೂಲ ಔಷಧಿಯಂಥದೇ ಬಯೋಸಿಮಿಲರ್‌ಗಳು ಬಂದ ಮೇಲೆ ಖರ್ಚು ತಗ್ಗಿದೆ.

ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿದರು. ಇವಳ ದೇಹದಲ್ಲಿ ಕ್ಷಯದ ಕ್ರಿಮಿ ನಿದ್ದೆಯಲ್ಲಿದೆ ಎಂದು ಗೊತ್ತಾಯಿತು. ಟಿಎನ್‌ಎಫ್ ಎಂಬುದು ಆ ಕ್ರಿಮಿಯನ್ನು ಗೋಡೆಯೊಳಗೆ ಕೂಡಿಟ್ಟಿರುವ ಕಾವಲುಗಾರ. ಅವನನ್ನು ಕಳಿಸಿಬಿಟ್ಟರೆ ಗೋಡೆ ಒಡೆಯುತ್ತದೆ. ಹಾಗಾಗಿ ಮೊದಲು ಕ್ಷಯದ ತಡೆ ಔಷಧಿ, ಒಂದು ತಿಂಗಳು ಕಳೆದ ಮೇಲೆ ಇಂಜೆಕ್ಷನ್. ಆ ಒಂದು ತಿಂಗಳು ಅವಳು ಪಟ್ಟ ಪಾಡು ಹೇಳತೀರದು. ಆದರೂ ಪರೀಕ್ಷೆ ಬಿಡಬೇಡಿ.

ಮನೆಯಲ್ಲಿ ನಡೆಯುವುದು ಹೀಗೆ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡುತ್ತೇನೆ, ತಣ್ಣಗಿದ್ದರೆ ಚುಚ್ಚುವಾಗ ಉರಿ ಹೆಚ್ಚು. ತೊಡೆಯ ಮೇಲೆ ಪ್ರತಿ ಸಲ ಜಾಗ ಬದಲು. ಒತ್ತಿದಾಗ ಟಕ್ ಎಂಬ ಸದ್ದು, ಹತ್ತು ಎಣಿಸುವುದು, ಕಿಟಕಿಯಲ್ಲಿ ಬಣ್ಣ ಕಂಡರೆ ಮುಗಿಯಿತು. ಒತ್ತುವ ಗುಂಡಿ ಅವಳ ಹೆಬ್ಬೆರಳಿಗೆ ಗಟ್ಟಿ. ಕೀಲುಬೇನೆಯವರಿಗೆಂದೇ ಮಾಡಿದ ವಸ್ತುವನ್ನು ಅವರ ಕೈ ನೋಡದೆ ಯಾರು ಮಾಡಿದರೋ. ಜ್ವರ ಅಥವಾ ಸೋಂಕು ಇದ್ದರೆ ಆ ಸಲದ ಡೋಸ್ ತಡೆದು ವೈದ್ಯರನ್ನು ಕೇಳುತ್ತೇವೆ.

ಬುಧವಾರ

ಉರಿಯೂತದ ಸಂದೇಶವನ್ನು ಕೋಶದೊಳಗೆ ಸಾಗಿಸುವ ಜ್ಯಾಕ್ ಎಂಬ ಕಿಣ್ವಗಳನ್ನು ತಡೆಯುವ ಮಾತ್ರೆಗಳನ್ನೂ ಸೇರಿಸಿ. ಟೋಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಾಡಾಸಿಟಿನಿಬ್. ಚುಚ್ಚುವ ಗೋಜಿಲ್ಲ, ಕೆಲವೇ ವಾರಗಳಲ್ಲಿ ಫಲ ಕಾಣುತ್ತದೆ. ನನ್ನ ಗೆಳತಿಗೆ ಅದ್ಭುತ ಕೆಲಸ ಮಾಡಿತು. ಆದರೆ 50 ದಾಟಿದ, ಹೃದಯದ ಅಪಾಯವೂ ಇದ್ದವರ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲಿ ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಹೃದಯಾಘಾತದಂಥ ಘಟನೆಗಳೂ ಕ್ಯಾನ್ಸರ್‌ಗಳೂ ಟಿಎನ್‌ಎಫ್ ತಡೆಯುವ ಔಷಧಿಯವರಿಗಿಂತ ಹೆಚ್ಚು ಕಂಡವು. ಧೂಮಪಾನಿಗಳು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ವೈದ್ಯರ ಜೊತೆ ಬಿಚ್ಚಿ ಮಾತನಾಡಬೇಕು. ಸರ್ಪಸುತ್ತು ಏಳುವುದೂ ಹೆಚ್ಚು, ಅದರ ಲಸಿಕೆ ಮೊದಲೇ ಹಾಕಿಸಿಕೊಳ್ಳುವುದು ಜಾಣತನ.

ಧೂಮಪಾನ ಎಂದೆನಲ್ಲ. ಬಿಡಿ. ಕಾಯಿಲೆ ಬರುವುದಕ್ಕೂ ಅದು ಕಾರಣಗಳಲ್ಲೊಂದು, ಬಂದ ಮೇಲೆ ಔಷಧಿಯ ಕೈಯನ್ನೂ ಕಟ್ಟಿಹಾಕುತ್ತದೆ.

ಚಿಗುರು

ನನಗೆ 29. ಮೆಥೊಟ್ರೆಕ್ಸೇಟ್‌ನಲ್ಲಿ ಒಂದು ವರ್ಷದಿಂದ ಚೆನ್ನಾಗಿದ್ದೇನೆ. ಮಗು ಬೇಕು ಎಂದು ಯೋಚಿಸುತ್ತಿದ್ದೇವೆ. ಮಾತ್ರೆ ನಿಲ್ಲಿಸಿದರೆ ಕೈ ಹೋಗುತ್ತದೆ, ನಿಲ್ಲಿಸದಿದ್ದರೆ ಮಗುವಿಗೆ ತೊಂದರೆ. ಯಾರಾದರೂ ದಾಟಿ ಬಂದವರಿದ್ದೀರಾ?

ಬುಧವಾರ

ದಾಟಿ ಬಂದವಳು ನಾನು. ಮಗಳಿಗೆ ಈಗ ಮೂರು ವರ್ಷ. ಎರಡೇ ದಾರಿ ಎಂದುಕೊಳ್ಳಬೇಡಿ, ನಡುವೆ ದಾರಿ ಇದೆ. ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ಅಪಾಯ, ಅದರಲ್ಲಿ ರಾಜಿ ಇಲ್ಲ. ಗರ್ಭ ಧರಿಸುವ ಮೊದಲೇ ಒಂದರಿಂದ ಮೂರು ತಿಂಗಳ ಅಂತರವಿಟ್ಟು ನಿಲ್ಲಿಸಬೇಕು, ಅಲ್ಲಿಯವರೆಗೆ ಗರ್ಭನಿರೋಧಕ ಬಿಡಬಾರದು. ಲೆಫ್ಲುನಮೈಡ್ ತೆಗೆದುಕೊಂಡವರ ಪಾಡು ಇನ್ನೂ ದೀರ್ಘ. ಅದು ದೇಹದಲ್ಲಿ ಬಹುಕಾಲ ಉಳಿಯುವುದರಿಂದ ಕೊಲೆಸ್ಟೈರಮಿನ್ ಪುಡಿ ಕೊಟ್ಟು ತೊಳೆದು ತೆಗೆಯುತ್ತಾರೆ. ಆದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಬಸಿರಿನಲ್ಲೂ ಮುಂದುವರಿಸಬಹುದು. ನನಗೆ ಸರ್ಟೋಲಿಜುಮಾಬ್ ಕೊಟ್ಟರು. ಅದು ಗರ್ಭವೇಷ್ಟನವನ್ನು ದಾಟಿ ಮಗುವಿನತ್ತ ಹೋಗುವುದು ಅತ್ಯಲ್ಪ.

ಬಸಿರಿನಲ್ಲಿ ಕೀಲುಗಳು ತಾವಾಗಿಯೇ ಶಾಂತವಾಗುವುದು ಬಹಳ ಮಂದಿಯ ಅನುಭವ. ಹಳೇಕೀಲು ಅವರು ಹೇಳಿದ ಹೆಂಚ್ ಇದನ್ನು ಗಮನಿಸಿಯೇ ಕಾರ್ಟಿಸೋನ್ ಹುಡುಕಾಟಕ್ಕೆ ಇಳಿದದ್ದು. ಹೆರಿಗೆಯ ನಂತರ ಕಾಯಿಲೆ ಬಡ್ಡಿ ಸಮೇತ ಮರಳುತ್ತದೆ. ನನಗೆ ಆರನೆಯ ವಾರಕ್ಕೆ ಬಂತು. ಮಗುವಿನ ಬಟ್ಟೆಯ ಒತ್ತುಗುಂಡಿ ಹಾಕಲಾಗದೆ ಅತ್ತಿದ್ದೇನೆ. ಆ ತಿಂಗಳುಗಳಿಗೆ ಕೈ ಆಸರೆಯನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಯೋಜನೆಯನ್ನು ರುಮಟಾಲಜಿಸ್ಟ್‌ಗೆ ಇವತ್ತೇ ಹೇಳಿ, ಬಸಿರಾದ ಮೇಲಲ್ಲ.

ಕೈಗೆಲಸ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳಿಗೆ ಕೈಯನ್ನು ಸಜ್ಜುಗೊಳಿಸುವವರು. ಔಷಧಿಯ ಮಾತು ನಡೆಯುತ್ತಿರುವಾಗ ಕೈಯನ್ನೇ ಮರೆತಿದ್ದೀರಿ. ಊತ ತಗ್ಗಿಸುವುದು ಔಷಧಿಯ ಕೆಲಸ. ಕೈಗೆ ಶಕ್ತಿ ತರುವುದು ವ್ಯಾಯಾಮದ ಕೆಲಸ. ಬ್ರಿಟನ್ನಿನಲ್ಲಿ 490 ರೋಗಿಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈಗೆ ಹೇಳಿಕೊಟ್ಟ ಹಿಗ್ಗಿಸುವ, ಬಲಪಡಿಸುವ ವ್ಯಾಯಾಮ ಮಾಡಿದವರ ಕೈ ಒಂದು ವರ್ಷದ ನಂತರವೂ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು, ನೋವು ಹೆಚ್ಚಾಗಿರಲಿಲ್ಲ.

ಕಸೂತಿ ಅವರಿಗೆ ಮೂರು ಮಾತು. ಬೆರಳಲ್ಲಿ ಉಂಗುರ ಇದ್ದರೆ ಊತ ಇಳಿದಿರುವ ಸಂಜೆ ಸೋಪಿನ ನೀರು ಹಚ್ಚಿ ತೆಗೆದಿಡಿ. ಕತ್ತರಿಸುವ ಪ್ರಸಂಗಗಳನ್ನು ನೋಡಿದ್ದೇನೆ. ಸೂಜಿಯನ್ನು ಚಿಮಟದಂತೆ ಬೆರಳ ತುದಿಯಲ್ಲಿ ಹಿಡಿಯುವುದು ಬೆರಳ ಬುಡಕ್ಕೆ ಭಾರ. ಸೂಜಿಗೆ ರಬ್ಬರ್ ಹಿಡಿಕೆ, ಬಟ್ಟೆಯ ಚೌಕಟ್ಟಿಗೆ ನಿಲುಗಾಲು ಹಾಕಿಸಿ, ಎಡಗೈಗೆ ಹಿಡಿಯುವ ಕೆಲಸವೇ ಬೇಡ. ಮುಚ್ಚಳ ತಿರುಗಿಸುವಾಗ ಬೆರಳಲ್ಲ, ಅಂಗೈ ಒತ್ತಿ ತಿರುಗಿಸಿ. ತೀರ ಊದಿರುವ ದಿನ ಮಣಿಕಟ್ಟಿಗೆ ಪಟ್ಟಿ, ಊತ ತಗ್ಗಿದ ದಿನ ವ್ಯಾಯಾಮ. ಪಟ್ಟಿಯನ್ನು ದಿನವಿಡೀ ಕಟ್ಟಿಕೊಂಡೇ ಇದ್ದರೆ ಸ್ನಾಯು ಸೋಮಾರಿಯಾಗುತ್ತದೆ.

ಹಳೇಕೀಲು

ಇವರ ಮಾತಿಗೆ ಬಾಲಂಗೋಚಿ. ಹಳೆಯ ಕಾಯಿಲೆಯವರು ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಕತ್ತಿನ ವಿಷಯ ಹೇಳಬೇಕು. ಈ ಕಾಯಿಲೆ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ಬಂಧವನ್ನು ಸಡಿಲಿಸಬಲ್ಲದು. ನಳಿಕೆ ಹಾಕಲು ತಲೆ ಹಿಂದಕ್ಕೆ ಬಾಗಿಸಿದಾಗ ಮಿದುಳುಬಳ್ಳಿಗೆ ಪೆಟ್ಟಾಗಬಹುದು. ನನ್ನ ಮಂಡಿ ಬದಲಿಸುವಾಗ ನಾನೇ ಬಾಯಿಬಿಟ್ಟು ಹೇಳಿದ ಮೇಲೆ ಕತ್ತಿನ ಎಕ್ಸ್‌ರೇ ತೆಗೆದರು. ಕೇಳದಿದ್ದರೂ ಹೇಳಿ.

ಕಸೂತಿ

ಎಲ್ಲವನ್ನೂ ಎರಡು ಸಲ ಓದಿದೆ. ನಿನ್ನೆ ರಾತ್ರಿ ಡ್ರಾಯರ್ ತೆರೆದೆ. ಶನಿವಾರ ಎಂದು ಡಬ್ಬಿಯ ಮೇಲೆ ಬರೆದೆ, ಅಕ್ಷರ ಸೊಟ್ಟಗಿವೆ. ನುಂಗಿದೆ. ಉಂಗುರ ಬರಲಿಲ್ಲ.

ಪ್ರಶ್ನೆಗಾರ

ಒಳ್ಳೆಯದಾಗಲಿ, ಮನಸಾರೆ ಹೇಳುತ್ತಿದ್ದೇನೆ. ಕೊನೆಯ ಪ್ರಶ್ನೆ, ಆಮೇಲೆ ತೊಂದರೆ ಕೊಡುವುದಿಲ್ಲ. ಇದನ್ನು ಎಷ್ಟು ಕಾಲ? ಸರಿಹೋದ ಮೇಲೆ ಬಿಡಬಹುದೇ?

ನೆರಳು

ನಾವು ಒಮ್ಮೆ ಬಿಟ್ಟು ನೋಡಿದವರು. ಎರಡು ವರ್ಷ ಪೂರ್ತಿ ಹತೋಟಿಯಲ್ಲಿತ್ತು, ಇಂಜೆಕ್ಷನ್ ನಾವೇ ನಿಲ್ಲಿಸಿದೆವು. ಒಂಬತ್ತನೆಯ ವಾರ ಎಡ ಮಣಿಕಟ್ಟು ಬಲೂನಿನಂತೆ ಊದಿತು. ವೈದ್ಯರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮತ್ತೆ ಶುರು ಮಾಡಿ, ಆರು ತಿಂಗಳು ಕಾದು, ಎರಡು ವಾರದ ಅಂತರವನ್ನು ಮೂರು ವಾರಕ್ಕೆ ಹಿಗ್ಗಿಸಿದ್ದಾರೆ. ಹಿಗ್ಗಿಸುವುದು ಬೇರೆ, ಹರಿಯುವುದು ಬೇರೆ. ಔಷಧಿ ಇಲ್ಲದೆಯೂ ಶಾಂತವಾಗಿ ಉಳಿಯುವವರು ಇದ್ದಾರೆ, ಕಡಿಮೆ.

ಔಷಧದಂಗಡಿ

ರಕ್ತ ಪರೀಕ್ಷೆಯ ದಿನಾಂಕ ಗುರುತು ಹಾಕಿಕೊಂಡಿರಾ ಕಸೂತಿ ಅವರೇ? ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ರಕ್ತಕಣ, ಲಿವರ್, ಮೂತ್ರಪಿಂಡ. ಒಣಕೆಮ್ಮು, ಏದುಸಿರು, ಜ್ವರ, ಬಾಯಿ ತುಂಬ ಹುಣ್ಣು ಇವುಗಳಲ್ಲಿ ಯಾವುದೇ ಬಂದರೂ ಮುಂದಿನ ಶನಿವಾರದ ಮಾತ್ರೆ ತಡೆದು ವೈದ್ಯರಿಗೆ ಫೋನ್ ಮಾಡಿ. ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ, ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ ಚಿಕಿತ್ಸೆ ಬದಲಿಸಬೇಕು ಎಂಬುದು ನಿಯಮ. ಸುಮ್ಮನೆ ಅದನ್ನೇ ನುಂಗುತ್ತ ಕೂರಬೇಡಿ.

ಕಸೂತಿ

14 ವಾರದ ನಂತರ ಮತ್ತೆ ಬಂದಿದ್ದೇನೆ. ಬಿಗಿತ ಒಂದೂವರೆ ಗಂಟೆಯಿಂದ 20 ನಿಮಿಷಕ್ಕೆ ಇಳಿದಿದೆ. ಸಿಆರ್‌ಪಿ 9. ವೈದ್ಯರು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ ಲೆಕ್ಕ ಹಾಕುವ ಡ್ಯಾಸ್ 28 ಅಂಕ ಆಗ 5.6 ಇತ್ತು, ಈಗ 3.5. 2.6ಕ್ಕಿಂತ ಕೆಳಗೆ ಬರಬೇಕಂತೆ. ಪ್ರೆಡ್ನಿಸೊಲೋನ್ ನಿಂತಿದೆ. ಭಾನುವಾರ ವಾಕರಿಕೆ ಇದೆ, ತಡೆಯುವಷ್ಟು. ಉಂಗುರ ಕಳೆದ ತಿಂಗಳು ತಾನಾಗಿ ಜಾರಿ ಬಂತು. ಸೂಜಿಗೆ ದಾರ ಪೋಣಿಸಿದೆ, ಮೂರನೆಯ ಪ್ರಯತ್ನಕ್ಕೆ.

ಪ್ರಯೋಜನ ಅರ್ಧ ಆಗಿದೆ, ಪೂರ್ತಿ ಆಗಿಲ್ಲ ಎಂದು ವೈದ್ಯರು ಮೂರರ ಕೂಟಕ್ಕೆ ಹೋಗೋಣ ಎಂದಿದ್ದಾರೆ. ಸಲ್ಫಾಸಲಜೀನ್ ಚೀಟಿ ಕೈಯಲ್ಲಿದೆ. ಈ ಸಲ ಕಾಗದ ಓದುವ ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ.

ಔಷಧದಂಗಡಿ

ಸಲ್ಫಾ ಔಷಧಿ ಒಗ್ಗದೆ ಹಿಂದೆ ಎಂದಾದರೂ ಮೈಮೇಲೆ ದದ್ದು ಎದ್ದದ್ದುಂಟೇ? ಉಂಟಾದರೆ ಮುಟ್ಟಬೇಡಿ, ವೈದ್ಯರಿಗೆ ಹೇಳಿ. ಇಲ್ಲವಾದರೆ ದಿನಕ್ಕೆ 500 ಮಿಲಿಗ್ರಾಂನಿಂದ ಶುರು ಮಾಡಿ ವಾರವಾರವೂ ಏರಿಸುತ್ತಾರೆ. ಒಮ್ಮೆಗೇ ಏರಿಸಿದರೆ ತಲೆನೋವು, ಹೊಟ್ಟೆ ತೊಳಸುವುದು. ಮಾತ್ರೆಯನ್ನು ಒಡೆಯದೆ ನುಂಗಬೇಕು. ರಕ್ತ ಪರೀಕ್ಷೆ ಮತ್ತೆ ಬಿಗಿಯಾಗುತ್ತದೆ.

ಬುಧವಾರ

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಔಷಧಿಯ ಬಣ್ಣ. ನಾನು ಮೊದಲ ದಿನ ರಕ್ತವೆಂದು ತಿಳಿದು ಮನೆಯವರನ್ನೆಲ್ಲ ಎಬ್ಬಿಸಿದ್ದೆ. ಕಣ್ಣೀರಿಗೂ ಬಣ್ಣ ಬರಬಹುದು, ಮೃದು ಕಾಂಟ್ಯಾಕ್ಟ್ ಲೆನ್ಸ್‌ಗೆ ಕಲೆ ಹಿಡಿಯುತ್ತದೆ. ನೀವು ಲೆನ್ಸ್ ಹಾಕುತ್ತೀರಾ?

ಕಸೂತಿ

ಇಲ್ಲ, ಕನ್ನಡಕ. ಸಲ್ಫಾ ತೊಂದರೆಯೂ ಇಲ್ಲ. ನಾಳೆ ಬೆಳಗ್ಗೆ ಮೊದಲನೆಯದು.